ಹದಿಮೂರು ಸೆಕೆಂಡಿನ ಜೋಕಾಲಿ

ಮೂವತ್ತೊಂದು ವರ್ಷ ನಾನು ತಿಂದದ್ದು ತೂಕದ ಅನ್ನ. ಕಲ್ಲಿನ ಕ್ವಾರಿಗಳ ವೇ ಬ್ರಿಜ್ಜು, ಕ್ರೇನಿನ ಕೊಕ್ಕೆಯ ಮೀಟರು, ಪುಡಿ ತೂಗುವ ಸಣ್ಣ ತಕ್ಕಡಿ, ಇವೆಲ್ಲ ಸುಳ್ಳು ಹೇಳದಂತೆ ನೋಡಿಕೊಳ್ಳುವುದೇ ನನ್ನ ಕೆಲಸ. ಅಪ್ಪ ಅಮ್ಮ ಇಟ್ಟ ಹೆಸರು ಮುರಿಗೆಪ್ಪ. ಇಳಕಲ್ಲಿನ ಸುತ್ತ ನಾಲ್ಕು ತಾಲೂಕಿನಲ್ಲಿ ಆ ಹೆಸರು ಯಾರಿಗೂ ಗೊತ್ತಿಲ್ಲ, ತಕ್ಕಡಿ ಸಾಹೇಬ್ರು ಅಂದರೆ ಹಸುಗೂಸೂ ಮನೆ ತೋರಿಸುತ್ತದೆ. ಐವತ್ತು ಗ್ರಾಂ ಹೆಚ್ಚುಕಮ್ಮಿಯಾದರೂ ಊಟ ರುಚಿಸದ ಸ್ವಭಾವ ನನ್ನದು. ಈ ಸ್ವಭಾವದ ಬಗ್ಗೆ ನನಗೆ ಸ್ವಲ್ಪ ಸೊಕ್ಕೂ ಇತ್ತು. ಅದೇ ಸೊಕ್ಕಿನಲ್ಲಿ ಒಬ್ಬ ಮನುಷ್ಯನನ್ನು ಕಳ್ಳನೆಂದು ಬರೆದುಕೊಟ್ಟೆ.

ಹಗುರಪಟ್ಟಿ ಬಂದ ಮೇಲಿನ ಮಾತು ಇದು. ಅಂಗೈ ಅಗಲದ ಲೋಹದ ಪಟ್ಟಿ. ಕಲ್ಲಿನ ಸುತ್ತ ಬಿಗಿದು ವಿದ್ಯುತ್ ಹಾಯಿಸಿದರೆ ಪಟ್ಟಿಯ ಒಳಗಿರುವುದನ್ನು ಭೂಮಿ ಎಳೆಯುವುದನ್ನೇ ಬಿಟ್ಟುಬಿಡುತ್ತದೆ. ಇಪ್ಪತ್ತು ಟನ್ನಿನ ಕೆಂಪು ಕಲ್ಲನ್ನು ಕೊಕ್ಕೆಗೆ ಹಾಕಿದರೆ ಮೀಟರಿನಲ್ಲಿ ಸೊನ್ನೆ. ಮೊದಲ ದಿನ ಆ ಸೊನ್ನೆ ನೋಡಿ ನಾನು ಮೀಟರನ್ನೇ ಬಿಚ್ಚಿ ಹರವಿಕೊಂಡು ಕೂತಿದ್ದೆ. ಕೆಲಸಗಾರರಿಗೆ ಅಷ್ಟೆಲ್ಲ ಬೆರಗಿರಲಿಲ್ಲ. ಅವರು ಅದಕ್ಕೆ ಉಡದಾರ ಎಂದು ಹೆಸರಿಟ್ಟರು. "ಕಲ್ಲಿಗೆ ಉಡದಾರ ಕಟ್ರೋ" ಎಂದು ಕೂಗಿ ಕೆಲಸ ಶುರು ಮಾಡುತ್ತಿದ್ದರು.

ಪಟ್ಟಿ ಕಂಡುಹಿಡಿದವರು ಪದ್ಮಜಾ ಮೇಡಂ. ಕ್ವಾರಿಯ ಪಕ್ಕದ ಶೆಡ್ಡಿನಲ್ಲೇ ಅವರ ಪ್ರಯೋಗಶಾಲೆ. ಮೈಸೂರಿನ ಕಡೆಯವರು, ಮಾತು ಮೆಲ್ಲಗೆ, ಕೆಲಸ ಕಟ್ಟುನಿಟ್ಟು. ತರಬೇತಿಯ ದಿನ ಅವರು ಹೇಳಿದ್ದು ಇಷ್ಟು: "ಕಲ್ಲಿನಲ್ಲಿ ಎರಡು ಗುಣ ಇವೆ. ಭೂಮಿ ಅದನ್ನ ಎಷ್ಟು ಎಳೆಯುತ್ತೆ ಅನ್ನೋದು ತೂಕ. ನಿಂತಿದ್ದನ್ನ ಅಲ್ಲಾಡಿಸೋಕೆ, ಅಲ್ಲಾಡುತ್ತಿದ್ದನ್ನ ನಿಲ್ಲಿಸೋಕೆ ಹೋದರೆ ಅದು ಎಷ್ಟು ಹಠ ಮಾಡುತ್ತೆ ಅನ್ನೋದು ದ್ರವ್ಯರಾಶಿ. ಪಟ್ಟಿ ತೂಕಾನ ತೆಗೆಯುತ್ತೆ. ಹಠಾನ ತೆಗೆಯೋಕೆ ಯಾರ ಕೈಲೂ ಆಗಲ್ಲ."

ಅದು ನಿಜವೆಂದು ಕ್ವಾರಿಯಲ್ಲಿ ದಿನಾ ಕಾಣುತ್ತಿತ್ತು. ಗಾಳಿಯಲ್ಲಿ ನಿಂತ ಕಲ್ಲನ್ನು ಒಬ್ಬನೇ ಆಳು ತಳ್ಳಿದರೂ ಸಾಕು, ಎದುರಿಸುವ ಬಲ ಬೇರೆ ಇಲ್ಲವಾದ್ದರಿಂದ ನಿವ್ವಳ ಬಲವೆಲ್ಲ ಅವನ ತೋಳಿನದೇ. ಆದರೆ ಇಪ್ಪತ್ತು ಸಾವಿರ ಕೇಜಿಯ ಹಠದ ಮುಂದೆ ಆ ಬಲ ಎಷ್ಟಕ್ಕೆ ಸಾಕು? ಸೆಕೆಂಡಿಗೊಂದು ಸೆಂಟಿಮೀಟರಿನಷ್ಟು ವೇಗ ಕೂಡುತ್ತ ಕಲ್ಲು ಸೋಮಾರಿಯಂತೆ ಹೊರಡುತ್ತಿತ್ತು. ನಿಲ್ಲಿಸಲೂ ಅಷ್ಟೇ ಹೊತ್ತು ಬೇಕು. ಅದಕ್ಕೇ ಮುಂದೊಂದು ಹಗ್ಗ, ಹಿಂದೊಂದು ಹಗ್ಗ. ಹಿಂದಿನ ಹಗ್ಗದವನೇ ಕಲ್ಲಿನ ಬ್ರೇಕು. ಅವನು ಹಗ್ಗದ ನಡುಭಾಗವನ್ನು ಸೊಂಟಕ್ಕೆ ಒಂದು ಸುತ್ತು ಸುತ್ತಿಕೊಂಡು, ಮೈಯೆಲ್ಲ ಹಿಂದಕ್ಕೆ ಚೆಲ್ಲಿ ಎಳೆಯಬೇಕು. ಆ ಕೆಲಸದಲ್ಲಿ ಕೆಂಗಲ್ಲಹಾಳದ ತಿಪ್ಪಣ್ಣನನ್ನು ಮೀರಿಸುವವರು ಇರಲಿಲ್ಲ. ಕಲ್ಲು ಹತ್ತು ಮಾರು ದೂರ ಇರುವಾಗಲೇ ಎಳೆಯಲು ಶುರು ಮಾಡಿ, ಲಾರಿಯ ಮೇಲೆ ಹೂವಿಟ್ಟಂತೆ ಇಳಿಸುತ್ತಿದ್ದ.

ಮೇ ತಿಂಗಳ ಒಂದು ಮಧ್ಯಾಹ್ನ ಪಟ್ಟಿ ಹರಿಯಿತು. ಬಿಗಿತ ಸರಿಯಿಲ್ಲವೆಂದು ತಿಪ್ಪಣ್ಣ ಸೊಂಟದ ಹಗ್ಗ ಬಿಚ್ಚದೆಯೇ ಕಲ್ಲಿನ ಹತ್ತಿರ ಹೋಗಿ ಪಟ್ಟಿಯೊಳಗೆ ಕೈ ತೂರಿಸಿದ್ದ. ಕಣ್ಣು ಕುಕ್ಕುವ ನೀಲಿ ಬೆಳಕು, ಆಮೇಲೆ ಕಲ್ಲು ಬಿದ್ದ ಸದ್ದು. ಧೂಳು ಇಳಿದಾಗ ಕಲ್ಲಿತ್ತು, ಹಗ್ಗವಿತ್ತು. ತಿಪ್ಪಣ್ಣ ಇರಲಿಲ್ಲ, ಪಟ್ಟಿಯೂ ಇರಲಿಲ್ಲ. ಕಲ್ಲೆತ್ತಿಸಿ ನೋಡಿದೆವು, ಒಂದು ಹನಿ ರಕ್ತ ಇಲ್ಲ.

ಕಂಪನಿಯವರು ನನ್ನನ್ನು ಕರೆದರು. ಮನುಷ್ಯ ಸುಟ್ಟು ಬೂದಿಯಾಗಿದ್ದರೂ ಬೂದಿಗೆ ತೂಕ ಇರಲೇಬೇಕಲ್ಲ. ಮೂರು ದಿನ ನಿಂತು ಆ ಜಾಗದ ಕಲ್ಲು, ಹಗ್ಗ, ಕೊಕ್ಕೆ, ಧೂಳು, ಗುಡಿಸಿದ ಮಣ್ಣು ಎಲ್ಲವನ್ನೂ ತೂಗಿಸಿದೆ. ಹಿಂದಿನ ಲೆಕ್ಕಕ್ಕೂ ಈಗಿನ ಲೆಕ್ಕಕ್ಕೂ ಗ್ರಾಂ ವ್ಯತ್ಯಾಸವಿಲ್ಲ. "ಸ್ಥಳದಲ್ಲಿ ಹೆಚ್ಚುವರಿ ತೂಕ ಏನೂ ಇಲ್ಲ" ಎಂದು ಬರೆದು ಸಹಿ ಹಾಕಿದೆ. ಆ ಒಂದು ಸಾಲಿನ ಮೇಲೆ ಕಂಪನಿ ಉಳಿದದ್ದನ್ನು ಕಟ್ಟಿತು. ತಿಪ್ಪಣ್ಣ ಬೇಕೆಂದೇ ಪಟ್ಟಿ ಹರಿದು, ಧೂಳಿನ ಮರೆಯಲ್ಲಿ ಅದನ್ನು ಕದ್ದು ಓಡಿಹೋಗಿದ್ದಾನೆ! ಪೊಲೀಸರು ಅವನ ಮನೆಯ ಜೋಳದ ಚೀಲವನ್ನೂ ಬಿಡದೆ ಸುರುವಿ ನೋಡಿದರು. ಕ್ವಾರಿಯ ಗೇಟಿನಲ್ಲಿ ಅವನ ಫೋಟೋ ಅಂಟಿಸಿದರು. ದಿನಾ ಅದರ ಮುಂದೆ ಹಾದುಹೋಗುತ್ತಿದ್ದ ನನಗೆ ಒಂದು ಸಲವೂ ಅನುಮಾನ ಬರಲಿಲ್ಲ.

ಶ್ರಾವಣದಲ್ಲಿ ಪಂಚಮಿ ಆದ ಮೂರನೇ ದಿನ ಅವನ ತಂಗಿ ದುರಗವ್ವ ಗೇಟಿಗೆ ಬಂದು ನನ್ನನ್ನು ಕರೆಸಿದಳು. ಮೂವತ್ತರ ಒಳಗಿನ ಹೆಂಗಸು. ಜಗಳಕ್ಕೆ ಬಂದಿರಬೇಕು ಅಂದುಕೊಂಡೆ.

"ಸಾಹೇಬ್ರ, ನೀವು ಬರದ ಚೀಟಿ ಮ್ಯಾಲ ನಮ್ಮಣ್ಣ ಕಳ್ಳ ಆದ. ಅದಕ್ಕ ನಿಮ್ಗ ಏನೂ ಅನ್ನಾಕ ಬಂದಿಲ್ಲ. ನಮ್ಮನಿ ಜೋಕಾಲಿ ಒಂದೀಟು ಬಂದು ನೋಡ್ರಿ."

"ಜೋಕಾಲಿ ನೋಡೂದು ನನ್ನ ಕೆಲಸ ಏನವ್ವ?"

"ಅದು ನೀವು ಬಂದ ಮ್ಯಾಲ ನೀವ ಹೇಳ್ರಿ."

ಅವಳ ಮುಖದಲ್ಲಿ ಕೋಪ ಇರಲಿಲ್ಲ, ಹೆದರಿಕೆ ಇತ್ತು. ಆ ಹೆದರಿಕೆಗೆ ಸ್ಕೂಟರ್ ಹತ್ತಿದೆ.

ದಾರಿಯುದ್ದಕ್ಕೂ ಅವಳು ಹಿಂದೆ ಕೂತು ಹೇಳಿದ್ದು ಇದು. ನಮ್ಮ ಕಡೆ ಪಂಚಮಿಗೆ ತವರಿಗೆ ಬಂದ ಹೆಣ್ಣುಮಕ್ಕಳಿಗೆ ಅಣ್ಣ ತಮ್ಮಂದಿರು ಜೋಕಾಲಿ ಕಟ್ಟುತ್ತಾರಲ್ಲ, ತಿಪ್ಪಣ್ಣ ಪ್ರತಿ ವರ್ಷ ಕ್ವಾರಿಯ ಹಳೆ ಹಗ್ಗವನ್ನೇ ತಂದು ಕಟ್ಟುತ್ತಿದ್ದ. ಅದು ಹರಿಯುವ ಮಾತೇ ಇಲ್ಲ. ಈ ವರ್ಷ ಕಂಪನಿಯವರು ಅವನ ಸಾಮಾನೆಂದು ಅಂಗಿ, ಬುತ್ತಿ ಡಬ್ಬಿ, ಅವನು ಸೊಂಟಕ್ಕೆ ಸುತ್ತಿಕೊಂಡಿದ್ದ ಹಗ್ಗ ಕೊಟ್ಟು ಕಳಿಸಿದ್ದರು. ಹಗ್ಗದ ಸಿಂಬಿಯನ್ನು ಅವಳು ಮೂಲೆಗೆ ಎಸೆದಳಂತೆ. ಕೈಗೆ ಹಗುರವೇ ಇದ್ದ ಸಿಂಬಿ ಕಾಳಿನ ಗಡಿಗೆಗೆ ಬಡಿದು ಗಡಿಗೆ ಚೂರುಚೂರು ಆಯಿತಂತೆ.

"ಸೂತಕದ ಮನ್ಯಾಗ ಜೋಕಾಲಿ ಕಟ್ಟಂಗಿಲ್ರಿ. ಆದ್ರ ನಮ್ಮವ್ವ ಹಟ ಹಿಡದ್ಲು. ನನ್ನ ಮಗ ಓಡಿ ಹೋಗ್ಯಾನಂದ್ರ ಬದುಕ್ಯಾನ, ಬದುಕ್ಯಾನಂದ್ರ ಕಟ್ಟು ಅಂದ್ಲು. ಕಟ್ಟಿದೆ. ಅದರ ಮ್ಯಾಲ ಯಾರೋ ಕುಂತಾರ ಸಾಹೇಬ್ರ."

ಅಂಗಳದಲ್ಲಿ ದೊಡ್ಡ ಬೇವಿನ ಮರ. ಹಗ್ಗವನ್ನು ಎರಡು ಎಳೆಯಾಗಿ ಟೊಂಗೆಗೆ ಇಳಿಬಿಟ್ಟು, ಕೆಳಗಿನ ಮಡಿಕೆಯಲ್ಲಿ ಒಂದು ಹಲಗೆ ಇಟ್ಟಿದ್ದರು. ಹೊಸ್ತಿಲ ಒಳಗೆ ತಾಯಿ ಹುಲಿಗೆವ್ವ ರೊಟ್ಟಿ ಬಡಿಯುತ್ತಿದ್ದಳು. ನನ್ನನ್ನು ಕಂಡವಳೇ ಮುಖ ತಿರುಗಿಸಿದಳು. ಪಕ್ಕದಲ್ಲಿ ಬಟ್ಟೆ ಮುಚ್ಚಿದ ಒಂದು ತಾಟು ಬೇರೆಯಾಗಿ ಇತ್ತು. ಮಗನಿಗೆಂದು ತೆಗೆದಿಟ್ಟದ್ದಿರಬೇಕು.

ನನ್ನ ಚೀಲದಿಂದ ಕೊಕ್ಕೆಯ ಮೀಟರು ತೆಗೆದು ಜೋಕಾಲಿಯನ್ನು ಅದಕ್ಕೆ ತೂಗುಹಾಕಿದೆ. ಆರು ಕೇಜಿ. ಹಲಗೆಯದು ಮತ್ತು ಹಗ್ಗದ್ದು ಸೇರಿ ಅಷ್ಟೇ ಬರಬೇಕು, ಅಷ್ಟೇ ಬಂತು. "ಏನೂ ಇಲ್ಲವ್ವ" ಎಂದೆ.

"ಅಳತಿ ಸಾಕ್ರಿ. ತಳ್ಳ್ರಿ."

ಒಂದು ಬೆರಳಿನಿಂದ ತಳ್ಳಿದೆ. ಹಲಗೆ ಸರಿಯಲಿಲ್ಲ. ಅಂಗೈ ಇಟ್ಟು ತಳ್ಳಿದೆ. ಆಗ ಅದು ಮನಸ್ಸಿಲ್ಲದ ಮನಸ್ಸಿನಿಂದ ಹೊರಟಿತು, ತುದಿಗೆ ಹೋಗಿ ಬಹಳ ಹೊತ್ತು ನಿಂತಿತು, ಮೆಲ್ಲಗೆ ಹಿಂದಿರುಗಿತು. ಖಾಲಿ ಹಲಗೆ. ಮೇಲೆ ಬೇವಿನ ಎಲೆಯ ನೆರಳು ಬಿಟ್ಟರೆ ಏನಿಲ್ಲ. ನಾಲ್ಕು ಮೀಟರು ಉದ್ದದ ಜೋಕಾಲಿ, ಮಗು ಕೂತರೂ ಪೈಲ್ವಾನ ಕೂತರೂ, ನಾಲ್ಕು ಸೆಕೆಂಡಿಗೆ ಒಂದು ಸಲ ಹೋಗಿಬರಬೇಕು. ಭಾರ ಹೆಚ್ಚಿದಷ್ಟೂ ಭೂಮಿಯ ಎಳೆತವೂ ಹೆಚ್ಚುವುದರಿಂದ ಎರಡೂ ಸರಿಹೋಗುತ್ತವೆ. ಇದು ಹದಿಮೂರು ಸೆಕೆಂಡು ತೆಗೆದುಕೊಂಡಿತು.

ಹಳೆ ತೂಕದ ಚೀಟಿಯ ಹಿಂದೆ ಲೆಕ್ಕ ಹಾಕಿದೆ. ಆರು ಕೇಜಿಯನ್ನು ಭೂಮಿ ಎಳೆಯುತ್ತಿದೆ. ಆ ಎಳೆತಕ್ಕೆ ಹದಿಮೂರು ಸೆಕೆಂಡು ಹಿಡಿಯಬೇಕಾದರೆ, ಅದು ಎಳೆಯುತ್ತಿರುವುದು ಅರವತ್ತಮೂರು ಕೇಜಿ ಹಠವನ್ನು. ಆರು ಕಳೆದರೆ ಐವತ್ತೇಳು ಮತ್ತೆ ಸ್ವಲ್ಪ. ತಿಪ್ಪಣ್ಣನ ಆರೋಗ್ಯ ಕಾರ್ಡಿನಲ್ಲಿ ಇದ್ದದ್ದು ಐವತ್ತೊಂಬತ್ತು. ಆ ಕಾರ್ಡಿನ ಅಳತೆ ತೆಗೆದ ತಕ್ಕಡಿಯೂ ನನ್ನದೇ.

ಮೂರು ದಿನ ತೂಗಿದ್ದೆ, ಒಂದು ಸಲವೂ ತಳ್ಳಿರಲಿಲ್ಲ. ನಿಂತ ವಸ್ತುವಿನ ಮೇಲೆ ಮೇಲಿನ ಎಳೆತವೂ ಕೆಳಗಿನ ಎಳೆತವೂ ಸಮ, ನಿವ್ವಳ ಬಲ ಸೊನ್ನೆ. ತೂಕವೇ ಇಲ್ಲದವನು ಅಲ್ಲಿ ನೂರು ವರ್ಷ ಕೂತಿದ್ದರೂ ನನ್ನ ತಕ್ಕಡಿಗೆ ಕಾಣುತ್ತಿರಲಿಲ್ಲ. ವೇಗ ಬದಲಾಗಬೇಕು, ಆಗಷ್ಟೇ ಅವನು ತಡೆಯುತ್ತಾನೆ. ಕಲ್ಲಿನ ಬಗ್ಗೆ ಊರಿಗೆಲ್ಲ ಪಾಠ ಹೇಳಿದ ನಾನು ಮನುಷ್ಯನ ವಿಷಯಕ್ಕೆ ಬಂದಾಗ ಅದನ್ನು ಮರೆತಿದ್ದೆ.

"ಅದಾನೇನ್ರಿ?" ದುರಗವ್ವ ಕೇಳಿದಳು.

"ಐತವ್ವ. ಏನೋ ಐತಿ."

ಅವಳು ಅಳಲಿಲ್ಲ. ಹಲಗೆಯ ಪಕ್ಕ ನೆಲದ ಮೇಲೆ ಕೂತು, ಬಾಗಿಲ ಕಡೆ ತಿರುಗಿ, "ಯವ್ವಾ, ಅಣ್ಣ ಎಲ್ಲೂ ಓಡಿ ಹೋಗಿಲ್ಲ" ಎಂದಳು. ಒಳಗೆ ರೊಟ್ಟಿ ಬಡಿಯುವ ಸದ್ದು ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು, ಮೊದಲಿಗಿಂತ ಜೋರಾಗಿ.

ನಾನು ಮಾತ್ರ ನನ್ನ ಚಟ ಬಿಡಲಿಲ್ಲ. ಒಂದೇ ಸಲದ ಅಳತೆ ಅಳತೆಯೇ ಅಲ್ಲ ಎಂದು ನನ್ನ ಗುರುಗಳು ಕಲಿಸಿದ್ದರು. ಸಂಜೆಯವರೆಗೆ ಇಪ್ಪತ್ತು ಸಲ ತಳ್ಳಿ ಇಪ್ಪತ್ತು ಸಲ ಗಡಿಯಾರ ನೋಡಿದೆ. ಕೊನೆಯ ಅಳತೆ ಹನ್ನೆರಡು ಸೆಕೆಂಡು. ಲೆಕ್ಕ ಹಾಕಿದರೆ ನಲವತ್ತೆಂಟು ಕೇಜಿ. ಗಾಳಿಯಿಂದ ಆದ ತಪ್ಪಿರಬೇಕೆಂದು ಸಮಾಧಾನ ಹೇಳಿಕೊಂಡು ಮನೆಗೆ ಹೋದೆ.

ಮರುದಿನ ಬೆಳಿಗ್ಗೆ ಪದ್ಮಜಾ ಮೇಡಂ ಮುಂದೆ ಕಾಗದ ಇಟ್ಟೆ. ಅವರು ಓದಿ, ಎದ್ದು ಹೋಗಿ ಶೆಡ್ಡಿನ ಬಾಗಿಲು ಹಾಕಿಬಂದರು.

"ಮೊದಲನೇ ವರ್ಷ ನಮ್ಮ ಲ್ಯಾಬಲ್ಲೂ ಒಂದು ಪಟ್ಟಿ ಹರಿದಿತ್ತು ಮುರಿಗೆಪ್ಪನವರೇ. ಒಳಗೆ ಒಂದು ಹಿತ್ತಾಳೆ ಲೋಟ ಇಟ್ಟಿದ್ದೆ. ಲೋಟ ಹೋಯ್ತು. ಅದನ್ನ ಕಟ್ಟಿದ್ದ ದಾರ ಮಾತ್ರ ಒಂದು ವಾರ ಬಿಗಿಯಾಗಿ, ವಿಚಿತ್ರವಾಗಿ ಆಡ್ತಿತ್ತು. ಆಮೇಲೆ ಸರಿಹೋಯ್ತು. ನಾನು ಅದನ್ನ ಬರೆದಿಡಲಿಲ್ಲ."

"ಸರಿಹೋತು ಅಂದ್ರ?"

"ಭೂಮಿಯ ಕೈತಪ್ಪಿದ್ದು ಕಣ್ಣಿಗೆ ಕಾಣಲ್ಲ, ಕೈಗೆ ಸಿಗಲ್ಲ. ಅದರ ಹಠ ಮಾತ್ರ, ಕೊನೇಲಿ ಯಾವುದನ್ನ ಸುತ್ತಿಕೊಂಡಿತ್ತೋ ಅದಕ್ಕೆ ಅಂಟಿಕೊಂಡಿರುತ್ತೆ. ನಾವು ತಳ್ಳಿದಾಗಲೆಲ್ಲ ಅದು ತಡೆಯುತ್ತೆ. ತಡೆದಾಗಲೆಲ್ಲ ಒಂದಿಷ್ಟು ಖರ್ಚಾಗುತ್ತೆ. ಹೊಸದಾಗಿ ಹುಟ್ಟೋಕೆ ಅದಕ್ಕೆ ದೇಹ ಇಲ್ಲ."

ನಾನು ಬೆಂಚಿನ ಮೇಲೆ ಕೂತೆ. ಇಪ್ಪತ್ತು ಅಳತೆ. ಒಂದು ಮಧ್ಯಾಹ್ನದಲ್ಲಿ ಒಂಬತ್ತು ಕೇಜಿ ಮನುಷ್ಯನನ್ನು ನನ್ನ ಕೈಯಾರೆ ಸವೆಸಿಬಿಟ್ಟಿದ್ದೆ.

"ವಾಪಸ್ಸು ತರಾಕ ಬರತೈತೇನ್ರಿ ಮೇಡಂ? ಬದುಕಿದಾನೇನ್ರಿ ಅಂವ?"

"ಲೋಟ ವಾಪಸ್ಸು ಬರಲಿಲ್ಲ. ಮನುಷ್ಯ ಬದುಕಿದಾನಾ ಅಂತ ಕೇಳಿದರೆ..." ಅವರು ಕನ್ನಡಕ ತೆಗೆದು ಒರೆಸಿದರು. "ನನಗೆ ಗೊತ್ತಿಲ್ಲ. ಮರುತನಿಖೆ ಕೇಳೋಣ, ಗೊತ್ತಿಲ್ಲ ಅನ್ನೋದನ್ನ ಅಲ್ಲಿ ಹೇಳ್ತೀನಿ. ಲೋಟದ ವಿಷಯಾನೂ ಹೇಳ್ತೀನಿ. ಆದರೆ ನಮ್ಮ ಮಾತು ಸಾಕಾಗಲ್ಲ, ಬರೋ ಅಧಿಕಾರಿ ಕಣ್ಣಾರೆ ನೋಡಬೇಕು ಅಂತಾರೆ."

ನೋಡಬೇಕೆಂದರೆ ತಳ್ಳಬೇಕು. ಅವನು ಅಲ್ಲಿದ್ದಾನೆ ಎಂದು ತೋರಿಸಲು ಅವನನ್ನೇ ಖರ್ಚು ಮಾಡಬೇಕು. ಸುಮ್ಮನಿದ್ದರೆ ಅವನು ಉಳಿಯುತ್ತಾನೆ, ಕಳ್ಳನಾಗಿ.

ಅವತ್ತೇ ಕೆಂಗಲ್ಲಹಾಳಕ್ಕೆ ಹೋಗಿ ಇದನ್ನು ದುರಗವ್ವನಿಗೆ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ. "ಪಂಚಮಿ ದಿನ ನಾ ಕುಂತು ಜೀಕಿದ್ನೆಲ್ರಿ, ಅದರಾಗೂ ಹೋಗ್ಯಾನೇನು?"

"ಸ್ವಲ್ಪ ಹೋಗಿರಬೇಕು ತಂಗಿ."

"ಹಠಮಾರಿ ನಮ್ಮಣ್ಣ. ಸಣ್ಣಾಕಿ ಇದ್ದಾಗ, ನಾ ಸಾಕು ಅನ್ನೂತನಕ ತಳ್ಳೂದು ಬಿಡ್ತಿರ್ಲಿಲ್ಲ." ಸೆರಗಿನಿಂದ ಮೂಗು ಒರೆಸಿಕೊಂಡಳು. "ನಮ್ಮತ್ತಿ ಮನ್ಯಾಗ ನನ್ನ ಮಗಳಿಗೆ ಕಳ್ಳನ ಸ್ವಾದರಸೊಸಿ ಅಂತಾರ. ತನಿಖಿ ಮಾಡ್ಸೂಣ್ರಿ."

ಬಾಗಿಲಲ್ಲಿ ಹುಲಿಗೆವ್ವ ನಿಂತಿದ್ದಳು. "ಏನೂ ಮಾಡ್ಸೂದು ಬ್ಯಾಡ. ಅದು ಗಾಳಿ ಹಿಡದ ಹಗ್ಗ. ನನ್ನ ಮಗ ಹುಬ್ಬಳ್ಯಾಗೋ ಸೊಲ್ಲಾಪುರದಾಗೋ ಅದಾನ. ಕಳ್ಳ ಅಂತ ಬೇಕಾದ್ರ ಅನ್ನಲಿ, ಜೀವಂತ ಇರ್ಲಿ ಸಾಕು." ನನ್ನ ಕಡೆ ತಿರುಗಿದಳು. "ಯಪ್ಪಾ, ನಿನ್ನ ಚೀಟಿ ನೋಡಿ ನಾನೊಬ್ಬಾಕಿನ ಖುಷಿ ಪಟ್ಟಾಕಿ. ಅದನ್ನ್ಯಾಕ ಕಸಗೊಳ್ಳಾಕ ಬಂದಿ?"

ಅವಳು ಹೇಳಿದ್ದು ನ್ಯಾಯವಾಗಿತ್ತು. ಆದರೂ ದುರಗವ್ವ ಬಿಡಲಿಲ್ಲ, ಇಬ್ಬರೂ ಸೇರಿ ಮರುತನಿಖೆಗೆ ಅರ್ಜಿ ಹಾಕಿದೆವು.

ತನಿಖೆಯ ದಿನ ಗೊತ್ತಾಗುವವರೆಗೆ ಹತ್ತು ದಿನ ಕಳೆಯಿತು. ಗಾಳಿಗೆ ಅಲ್ಲಾಡದಿರಲೆಂದು ಜೋಕಾಲಿಯನ್ನು ಬುಡಕ್ಕೆ ಕಟ್ಟಿಟ್ಟೆವು. ಆದರೂ ಟೊಂಗೆ ತೂಗಿದರೆ ಹಗ್ಗ ಮಿಸುಕುತ್ತಿತ್ತು. ದುರಗವ್ವ ಬಿಸಿಲಲ್ಲಿ ಮರದ ಕೆಳಗೆ ಕೂತು, ಮುಟ್ಟದೆ, ಅದರೊಂದಿಗೆ ಮಾತಾಡುತ್ತಿದ್ದಳು. ಅಲ್ಲಿ ಹೋದಾಗಲೆಲ್ಲ ಅದಕ್ಕೆ ಬೆನ್ನು ತಿರುಗಿಸಲು ನನಗೆ ಭಯ. ಮನೆಗೆ ಬಂದರೂ ಅದೇ ಭಯ. ನಿಂತ ವಸ್ತುಗಳನ್ನು ನಂಬುವುದೇ ಬಿಟ್ಟುಹೋಯಿತು. ಸ್ಕೂಟರನ್ನು, ಮಂಚವನ್ನು, ಬಾಗಿಲನ್ನು ತಳ್ಳಿ ನೋಡುತ್ತಿದ್ದೆ. ನನ್ನ ಹೆಂಡತಿ ತೀರಿಕೊಂಡು ಆರು ವರ್ಷ. ಒಂದು ಮಧ್ಯಾಹ್ನ ಅವಳು ಕೂರುತ್ತಿದ್ದ ಕುರ್ಚಿಯನ್ನು ಬೆರಳಿನಿಂದ ತಳ್ಳಿದೆ. ಕುರ್ಚಿ ಸರಿಯಿತು, ಖಾಲಿ ಕುರ್ಚಿ ಎಷ್ಟು ಸರಿಯಬೇಕೋ ಅಷ್ಟು. ಅವತ್ತು ನಾನು ಅತ್ತೆ.

ತನಿಖಾಧಿಕಾರಿ ಇನಾಮದಾರರು ಒಂದು ಸೋಮವಾರ ಹನ್ನೊಂದು ಗಂಟೆಗೆ ತಿಪ್ಪಣ್ಣನ ಮನೆಗೇ ಬಂದರು. ಧಾರವಾಡದ ಹಿರಿಯರು, ಕೆಟ್ಟವರಲ್ಲ, ಆದರೆ ಸುಲಭಕ್ಕೆ ನಂಬುವವರಲ್ಲ. ನನ್ನ ಹಳೆಯ ವರದಿ ತಪ್ಪೆಂದು ಮೊದಲೇ ಬರೆದು ಕೊಟ್ಟಿದ್ದೆ. ಮೇಡಂ ಲೋಟದ ಕಥೆ ಹೇಳಿದರು. ಇನಾಮದಾರರು ಎರಡನ್ನೂ ತಲೆಯಾಡಿಸುತ್ತ ಕೇಳಿ, "ಇರ್ಲಿ, ಮೊದಲ ಜೋಕಾಲಿ ನೋಡೂಣು" ಎಂದರು. ಹುಲಿಗೆವ್ವ ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು.

ಕಟ್ಟು ಬಿಚ್ಚಿ, ದುರಗವ್ವನೇ ತಳ್ಳಿದಳು. ಹನ್ನೊಂದು ಸೆಕೆಂಡು. ಮೂವತ್ತೊಂಬತ್ತು ಕೇಜಿ ಎಂದು ಲೆಕ್ಕ ಹೇಳಿದೆ. ಹತ್ತು ದಿನದ ಗಾಳಿ ಒಂಬತ್ತು ಕೇಜಿ ತಿಂದಿತ್ತು.

ಇನಾಮದಾರರು ಹುಬ್ಬೇರಿಸಿದರು. ಆದರೂ ಟೊಂಗೆಯಲ್ಲಿ ಏನೋ ಸಿಕ್ಕಿರಬೇಕು ಅಂದರು. ಹಗ್ಗ ಬಿಚ್ಚಿಸಿ ಇನ್ನೊಂದು ಟೊಂಗೆಗೆ ಕಟ್ಟಿಸಿದರು. ಬಿಚ್ಚುವಾಗ ಎಳೆದಾಟ, ಕಟ್ಟುವಾಗ ಎಳೆದಾಟ. ಒಂಬತ್ತು ಸೆಕೆಂಡು. ಇಪ್ಪತ್ನಾಲ್ಕು ಕೇಜಿ.

"ಹಲಗಿ ಒಳಗ ಏನರ ತುಂಬೀರೇನು?" ಅಷ್ಟೇ ತೂಕದ ಬೇರೆ ಹಲಗೆ ಹಾಕಿಸಿದರು. ತಮ್ಮ ಜೊತೆ ಬಂದಿದ್ದ ಸಿಪಾಯಿಗೆ ಜೋರಾಗಿ ತಳ್ಳಲು ಹೇಳಿದರು. ಏಳು ಸೆಕೆಂಡು. ಹನ್ನೆರಡು ಕೇಜಿ. ನಾನು ಸಂಖ್ಯೆ ಹೇಳುವಾಗಲೆಲ್ಲ ದುರಗವ್ವ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು.

"ಮುರಿಗೆಪ್ಪ, ನೀವು ಅಳತಿ ಮನಿಷ್ಯಾ. ನೀವ ಹೇಳ್ರಿ," ಎಂದರು ಇನಾಮದಾರರು. "ಒಂದ ಅಳತಿ ಎರಡು ಸಲ ಬರಂಗಿಲ್ಲಂದ್ರ ಅದಕ್ಕ ಸಾಕ್ಷಿ ಅಂತ ಹೆಂಗನ್ನೂದು?"

ಮೂವತ್ತೊಂದು ವರ್ಷ ನಾನು ಬೇರೆಯವರಿಗೆ ಕೇಳಿದ ಪ್ರಶ್ನೆ ಅದು. "ಸರ್, ಕಡಿಮಿ ಆಗೂದ ಸಾಕ್ಷಿ" ಎಂದೆ.

"ಇನ್ನೊಂದು ಸಲ ನೋಡೇಬಿಡೂಣು" ಎಂದವರೇ, ನಾನು ಬೇಡವೆನ್ನುವ ಮೊದಲು ತಾವೇ ಹಲಗೆ ಹಿಡಿದು ಎಳೆದು ಬಿಟ್ಟರು. ಗಡಿಯಾರ ಒತ್ತಿದ್ದು ನನ್ನ ಬೆರಳಿನ ಅಭ್ಯಾಸ. ಐದು ಸೆಕೆಂಡು.

"ಎಷ್ಟ್ರಿ?" ದುರಗವ್ವ ಕೇಳಿದಳು.

"ಮೂರೂವರಿ ಕೇಜಿ. ಸ್ವಲ್ಪ ಕಮ್ಮಿ."

ಅವಳು ಓಡಿಹೋಗಿ ಎರಡೂ ಕೈಯಲ್ಲಿ ಹಗ್ಗ ಹಿಡಿದು ನಿಲ್ಲಿಸಿದಳು. "ಸಾಕ್ರಿ. ಕಳ್ಳ ಅಂತನ ಬರಕೋರಿ. ಇಷ್ಟರ ಇರ್ಲಿ ನಮ್ಗ."

ಇನಾಮದಾರರು ಕಾಗದ ಮಡಿಸತೊಡಗಿದರು. ಅವರಿಗೂ ಬೇಸರವಾಗಿತ್ತು. "ನೋಡವ್ವ, ಇಷ್ಟು ಹಗುರ ಆದ್ರ ಯಾವ ಜೋಕಾಲೀನೂ ಹಿಂಗ ಆಡತದ. ನಾ ಇದರ ಮ್ಯಾಲ ಬರೀಲಿಕ್ಕೆ ಬರೂದಿಲ್ಲ."

ಬಾಗಿಲು ತೆರೆಯಿತು. ಹುಲಿಗೆವ್ವ ಅಂಗಳಕ್ಕೆ ಇಳಿದಳು, ಕೈಗೆ ಹಿಟ್ಟು ಮೆತ್ತಿಕೊಂಡಿತ್ತು. ಯಾರನ್ನೂ ನೋಡದೆ ನೇರ ನನ್ನ ಹತ್ತಿರ ಬಂದಳು.

"ಎಷ್ಟಂದಿ ಯಪ್ಪಾ?"

"ಮೂರೂವರಿ ಕೇಜಿ, ಯವ್ವ."

"ಹುಟ್ಟಿದಾಗ ಅಷ್ಟ ಇದ್ದ. ನರ್ಸಬಾಯಿ ತೂಗಿ ಹೇಳಿದ್ಲು. ಊರಾಗ ಅಷ್ಟು ದೊಡ್ಡ ಕೂಸು ಯಾರಿಗೂ ಹುಟ್ಟಿರ್ಲಿಲ್ಲ."

ಜೋಕಾಲಿಯ ಹತ್ತಿರ ಹೋಗಿ ಹಲಗೆಯನ್ನು ತೆಗೆದು ಪಕ್ಕಕ್ಕಿಟ್ಟಳು. ಹಗ್ಗದ ಮಡಿಕೆಯನ್ನು ಎರಡು ಅಂಗೈಯಲ್ಲಿ ತೆಗೆದುಕೊಂಡಳು. ಇಷ್ಟು ದಿನ ಅವಳು ಅದನ್ನು ಒಂದು ಸಲವೂ ಮುಟ್ಟಿರಲಿಲ್ಲ. ಏನಾಯಿತೋ, ಅವಳ ಬಾಯಿ ಸ್ವಲ್ಪ ತೆರೆಯಿತು. ಆಮೇಲೆ "ಟೊಂಗಿ ಮ್ಯಾಲಿನ ಗಂಟು ಬಿಚ್ಚವ್ವ, ಸಾವಕಾಶ" ಎಂದು ಮಗಳಿಗೆ ಹೇಳಿದಳು. ಬಿಚ್ಚಿದ ಹಗ್ಗದ ಮಡಿಕೆಯನ್ನು ತಂದು ಇನಾಮದಾರರ ತೋಳಿನಲ್ಲಿ ಇಟ್ಟಳು.

"ನಿಂತಂಗ ನಿಂತ್ರ ಇಂವ ಗೊತ್ತಾಗೂದಿಲ್ರಿ. ಅಂಗಳದ ಗೇಟಿನ ತನಕ ನಡೀರಿ."

ದುರಗವ್ವ "ಯವ್ವಾ, ಬ್ಯಾಡ" ಎಂದು ಕೂಗಿದಳು. ಹುಲಿಗೆವ್ವ ಅವಳ ರಟ್ಟೆ ಹಿಡಿದುಕೊಂಡಳು.

ಇನಾಮದಾರರು ಹೊರಟರು. ಮೊದಲ ಹೆಜ್ಜೆಗೇ ಅವರ ತೋಳು ಹಿಂದಕ್ಕೆ ಉಳಿಯಿತು, ಯಾರೋ ಅಂಗಿ ಹಿಡಿದು ಜಗ್ಗಿದಂತೆ. ಅವರು ಹಿಂದಿರುಗಿ ನೋಡಿದರು. ಯಾರೂ ಇರಲಿಲ್ಲ. ಮತ್ತೆ ನಡೆದರು, ಈಗ ಅದು ಅವರೊಂದಿಗೇ ಬಂತು. ಗೇಟಿನ ಹತ್ತಿರ ನಿಂತಾಗ ಅವರ ಎದೆಗೆ ಏನೋ ಬಂದು ಮೆತ್ತಗೆ ಒರಗಿತು. ಅಂಗಿ ಅಲ್ಲಿ ಒಳಕ್ಕೆ ಒತ್ತಿದ್ದನ್ನು ನಾನು ಕಣ್ಣಾರೆ ಕಂಡೆ. ಆ ಹಿರಿಯ ಮನುಷ್ಯ "ಅಯ್ಯ ನನ್ನಪ್ಪಾ" ಎಂದವರೇ ಗೇಟಿನ ಕಂಬಕ್ಕೆ ಆತುಕೊಂಡರು.

ಅಲ್ಲೇ ನಿಂತು, ಒಂದು ತೋಳಿನಲ್ಲಿ ಹಗ್ಗ ಹಿಡಿದೇ, ಕಂಬದ ಮೇಲೆ ಕಾಗದ ಇಟ್ಟು ಬರೆದರು. ತಿಪ್ಪಣ್ಣ ಕೆಲಸದ ಜಾಗದಲ್ಲೇ, ಕೆಲಸ ಮಾಡುತ್ತಲೇ ತೀರಿಕೊಂಡಿದ್ದಾನೆ. ಕಳವಿನ ಆರೋಪ ಸುಳ್ಳು. ಗಟ್ಟಿಯಾಗಿ ಓದಿ ಹೇಳಿ ಸಹಿ ಮಾಡಿದರು.

ವಾಪಸ್ಸು ಬರುವಾಗ ಅವರು ಇಡುತ್ತಿದ್ದ ಹೆಜ್ಜೆ ನೋಡಬೇಕಿತ್ತು. ಕುಲುಕಬಾರದೆಂದು ಅಷ್ಟು ದೂರವನ್ನು ಐದು ನಿಮಿಷ ನಡೆದರು. ಹಗ್ಗವನ್ನು ಹುಲಿಗೆವ್ವನ ಕೈಗೆ ಇಟ್ಟು, ಟೋಪಿ ತೆಗೆದು ನಿಂತರು.

ಅವಳು ಮಡಿಕೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿಸಿದಳು. ಇನ್ನೊಂದು ಸಲ ದಾಟಿಸಿದಳು. ಆಮೇಲೆ ನನ್ನ ಮುಖ ನೋಡಿದಳು.

"ಈಗೆಷ್ಟೈತಿ?"

ಗಡಿಯಾರ ನನ್ನ ಕೈಯಲ್ಲೇ ಇತ್ತು, ಅದರಿಂದ ಏನೂ ಆಗುವಂತಿರಲಿಲ್ಲ. "ಬರೇ ಹಗ್ಗ ಐತವ್ವ" ಎಂದೆ.

ಅವಳು ನೆಲಕ್ಕೆ ಕುಸಿದು ಕೂತಳು. ಮೇ ತಿಂಗಳಿನಿಂದ ಒಂದು ಹನಿ ಕಣ್ಣೀರು ಹಾಕದ ಹೆಂಗಸು ಮಗನ ಹೆಸರು ಹಿಡಿದು, ಹಾಡಿ ಹಾಡಿ ಅಳತೊಡಗಿದಳು. ದುರಗವ್ವ ಅವಳ ಕೊರಳಿಗೆ ಬಿದ್ದಳು. ಓಣಿಯ ಹೆಂಗಸರು ಏನಾಯಿತೆಂದು ಕೇಳುತ್ತ ಓಡಿಬಂದರು. "ನನ್ನ ಮಗ ಸತ್ತಾನವ್ವ, ಇಂವ ಈಗ ಸತ್ತಾನ" ಎಂದು ಅವಳು ಒಬ್ಬೊಬ್ಬರಿಗೂ ಹೇಳಿದಳು. ಯಾರೋ ಒಲೆಯಲ್ಲಿ ಉರಿಯುತ್ತಿದ್ದ ಕೊಳ್ಳಿ ಹಿರಿದು ನೀರು ಹಾಕಿದರು, ಇನ್ನಾರೋ ದೂರದ ನೆಂಟರಿಗೆ ಫೋನು ಹಚ್ಚಿದರು. ಮೂರು ತಿಂಗಳು ತಡವಾಗಿ ಆ ಮನೆಯಲ್ಲಿ ಸಾವಾಯಿತು. ನಾನು ಚಪ್ಪಲಿ ಬಿಟ್ಟು ಗಂಡಸರ ಸಾಲಿನಲ್ಲಿ ಹೋಗಿ ಕೂತೆ.